ಹೊರಗಿನ ವಿಳಾಸ

ಫೋನಿನಲ್ಲಿ ಅವ್ವನ ಹೆಸರು ಮೂಡಿದ ಕೂಡಲೇ ಸುಜಾತಾ ಮಾಡಿದ ಮೊದಲ ಕೆಲಸವೆಂದರೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ್ದು. ಯಾರೂ ನೋಡುತ್ತಿರಲಿಲ್ಲ. ಪಕ್ಕದ ಕುರ್ಚಿಯ ವಸೀಮ್ ತನ್ನ ಪರದೆಯಲ್ಲಿ ಮುಳುಗಿದ್ದ. ಆಫೀಸಿನ ಮಾಲೀಕ ಶಿವರಾಜ ಗಾಜಿನ ಬಾಗಿಲಿನಾಚೆ ನಿಂತು ಯಾರಿಗೋ ‘ಹೌದ್ರಿ, ಹೌದ್ರಿ’ ಅನ್ನುತ್ತಿದ್ದ. ನೋಡಿದ್ದರೂ ಏನಾಗುತ್ತಿತ್ತು? ಪರದೆಯ ಮೇಲೆ ಬರುವುದು ‘ಅವ್ವ’ ಅನ್ನುವ ಎರಡಕ್ಷರ, ಅದರಲ್ಲಿ ಯಾವ ಓಣಿಯ ಹೆಸರೂ ಇಲ್ಲ. ಆದರೂ ಕೈ ತಾನಾಗಿಯೇ ಹೋಯಿತು. ಅವ್ವ ಫೋನಿನಲ್ಲಿ ಹಲೋ ಅನ್ನುವುದಿಲ್ಲ, ‘ಜೈ ಭೀಮ್ ಕೂಸ’ ಅನ್ನುತ್ತಾಳೆ, ಅದೂ ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳಿಸುವ ದನಿಯಲ್ಲಿ. ದೇವದುರ್ಗದಲ್ಲಿದ್ದಾಗ ತಾನೂ ಹಾಗೆಯೇ ಅನ್ನುತ್ತಿದ್ದಳು. ರಾಯಚೂರಿಗೆ ಬಂದ ಮೇಲೆ ಅದು ‘ಹಾಂ, ಹೇಳು’ ಆಗಿತ್ತು. ಅವ್ವ ಒಮ್ಮೆಯೂ ಯಾಕೆಂದು ಕೇಳಿರಲಿಲ್ಲ, ಕೇಳಿದ್ದರೆ ಹೇಳಲು ಒಂದು ಸುಳ್ಳಾದರೂ ತಯಾರಿತ್ತು. ಫೋನು ಬೋರಲಾಗಿಯೇ ನಡುಗಿ ನಡುಗಿ ಸುಮ್ಮನಾಯಿತು.

ಅವತ್ತು ಬೆಳಗಿನಿಂದ ಸಿರವಾರದ ವಿರೂಪಣ್ಣನವರ ರೈಸ್ ಮಿಲ್ಲಿನ ಮುಂದೆ ಭತ್ತದ ಟ್ರ್ಯಾಕ್ಟರುಗಳು ಮಾನ್ವಿ ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಂತಿದ್ದವು, ಮತ್ತು ಅದಕ್ಕೆ ಕಾರಣ ಸುಜಾತಾ. ಮಿಲ್ಲಿನ ತೂಕದ ಕಾಟಾದ ಲೆಕ್ಕವೆಲ್ಲ ಹೋಗಿ ಕೂರುವುದು ಮುಂಬೈಯ ಯಾವುದೋ ಕಟ್ಟಡದಲ್ಲಿರುವ ಬಾಡಿಗೆಯ ಯಂತ್ರದಲ್ಲಿ. ಅದಕ್ಕೆ ಕ್ಲೌಡ್ ಎಂದು ಹೆಸರು; ವಿರೂಪಣ್ಣ ‘ಮೋಡದಾಗಿನ ಮಿಷನ್’ ಅನ್ನುತ್ತಾರೆ. ಆ ಯಂತ್ರಕ್ಕೆ ಎರಡು ವಿಳಾಸ. ಒಂದು ಒಳಗಿನದು, ಅಕ್ಕಪಕ್ಕದ ಯಂತ್ರಗಳಿಗೆ ಮಾತ್ರ ಗೊತ್ತಿರುವಂಥದ್ದು. ಇನ್ನೊಂದು ಹೊರಗಿನದು, ಪಬ್ಲಿಕ್ ಐಪಿ, ನಾಲ್ಕು ತುಂಡಿನ ಒಂದು ಸಂಖ್ಯೆ. ಅದಿದ್ದರೆ ಲೋಕದ ಯಾವ ಮೂಲೆಯಿಂದಲಾದರೂ ಬಂದು ಬಾಗಿಲು ತಟ್ಟಬಹುದು. ಹೊರಗಿನದರಲ್ಲೂ ಕಾಯಂ ಎಂದು, ತಾತ್ಕಾಲಿಕ ಎಂದು ಎರಡು ಬಗೆ. ತಾತ್ಕಾಲಿಕವಾದದ್ದು ಯಂತ್ರ ನಿಲ್ಲಿಸಿದ ಗಳಿಗೆಗೇ ಕೈಬಿಟ್ಟು ಹೋಗುತ್ತದೆ, ಮತ್ತೆ ಚಾಲು ಮಾಡಿದರೆ ಬೇರೆ ಯಾವುದೋ ಸಂಖ್ಯೆ ಸಿಗುತ್ತದೆ. ಸುಗ್ಗಿಯ ಭಾರ ತಡೆಯಲೆಂದು ಹಿಂದಿನ ಸಂಜೆ ಅವಳು ಯಂತ್ರ ನಿಲ್ಲಿಸಿ, ಅದರ ಬಲ ಹೆಚ್ಚಿಸಿ, ಚಾಲು ಮಾಡಿ ನೆಮ್ಮದಿಯಾಗಿ ಮನೆಗೆ ಹೋಗಿದ್ದಳು. ವಿಳಾಸವನ್ನು ಕಾಯಂ ಮಾಡಿಸಿರಲೇ ಇಲ್ಲವೆಂದು ನೆನಪಾದದ್ದು ಬೆಳಿಗ್ಗೆ ಫೋನುಗಳು ಶುರುವಾದಾಗ. ಮಿಲ್ಲಿನ ಕಂಪ್ಯೂಟರು ಹಳೆಯ ಸಂಖ್ಯೆ ಹಿಡಿದು ಬಾಗಿಲು ತಟ್ಟುತ್ತಲೇ ಇತ್ತು; ಅಲ್ಲಿ ಈಗ ಬೇರೆ ಯಾರೋ ಸಂಸಾರ ಹೂಡಿದ್ದರು.

“ಮನಿ ಬದಲಿ ಮಾಡಿದ್ರ ನಾಕ್ ಮಂದಿಗೆ ಸುದ್ದಿ ಹೇಳಿ ಹೋಗ್ತಾರ್ರಿ,” ಎಂದು ವಿರೂಪಣ್ಣ ಸ್ಪೀಕರಿನಲ್ಲಿ ಹೇಳಿದರು. ಬೈಯುತ್ತಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. “ಹೇಳದ ಕೇಳದ ಹೋಗೋರು ಒಂದೋ ಸಾಲಗಾರರು, ಇಲ್ಲಾ ಕಳ್ಳರು. ನಿಮ್ಮ ಮಿಷನ್ ಯಾವ ಪೈಕಿ?” ಶಿವರಾಜ ನಕ್ಕ, ವಸೀಮ್ ನಕ್ಕ, ಅವಳೂ ನಕ್ಕಳು. ಆಮೇಲೆ ಒಂದು ಕಾಯಂ ವಿಳಾಸ ತೆಗೆದಿಟ್ಟು ಯಂತ್ರಕ್ಕೆ ಹೊಂದಿಸಿ, ಮಿಲ್ಲಿನ ಗುಮಾಸ್ತ ಅಮರೇಶನಿಗೆ ಒಂದೊಂದೇ ಅಂಕಿ ಹೇಳಿ ಬರೆಸಿದಳು. ಕಾಟಾ ಚಾಲು ಆಯಿತು. ಅಷ್ಟೆಲ್ಲ ಟ್ರ್ಯಾಕ್ಟರು ಸಾಲುಗಟ್ಟಿ ನಿಂತದ್ದು ಒಂದು ಚಿಕ್ಕ ಚೌಕದಲ್ಲಿ ಗುರುತು ಹಾಕಲು ಮರೆತದ್ದಕ್ಕೆ. ವಿರೂಪಣ್ಣ ಖುಷಿಯಾಗಿ, “ಭೇಷ್ ಆತು ತಂಗಿ. ಯಾ ಊರಾಕಿ ನೀನು?” ಎಂದರು. ದೇವದುರ್ಗ ಎಂದಳು. “ದೇವದುರ್ಗದಾಗ ಯಾರ ಪೈಕಿ?” ಅವಳು ಪರದೆಯ ಮೇಲಿನ ಅಂಕಿಗಳನ್ನು ಮತ್ತೊಮ್ಮೆ ಓದತೊಡಗಿದಳು. ಅಷ್ಟರಲ್ಲಿ ಶಿವರಾಜ ಬಾಗಿ ಫೋನಿಗೆ ಹೇಳಿದ: “ನಮ್ಮವರೇ ಅದಾರ್ರಿ.” ನಮ್ಮ ಆಫೀಸಿನವರು ಎಂದನೋ, ಇನ್ನೇನು ಎಂದನೋ, ವಿರೂಪಣ್ಣ ಮಾತ್ರ ಸಮಾಧಾನದಿಂದ “ಶರಣ್ರೀ” ಎಂದರು. ಶಿವರಾಜ “ಶರಣು” ಎಂದ. ಅವಳೂ “ಶರಣ್ರೀ” ಎಂದಳು, ಮತ್ತು ಅಂದ ಮೇಲೆ ತನ್ನ ನಾಲಗೆ ಎಷ್ಟು ಸಲೀಸಾಗಿ ಹೊರಳಿತೆಂದು ತನಗೇ ಅಸಹ್ಯವಾಯಿತು.

‘ಶರಣ್ರೀ’ ಎಂಬ ಆ ಒಂದು ಮಾತಿನಿಂದಲೇ ಅವಳಿಗೆ ಮನೆ ಸಿಕ್ಕಿದ್ದು. ಮನೆ ಹುಡುಕಿ ಹುಡುಕಿ ಚಪ್ಪಲಿ ಸವೆದಿದ್ದ ಬೇಸಿಗೆಯದು. ‘ಯಾವ ಮಂದಿ’ ಎಂದು ಕೇಳುವವರಿಗೆ ನಿಜ ಹೇಳಿ, ‘ನಿನ್ನೇನೆ ಯಾರಿಗೋ ಮಾತಾಗ್ಯಾದವ್ವಾ’ ಎಂದು ಕೇಳಿಸಿಕೊಂಡು ಹಿಂದಿರುಗಿದ್ದಳು. ಸ್ಟೇಷನ್ ಕಡೆಯ ಬಡಾವಣೆಯಲ್ಲಿ ಶರಣಮ್ಮ ಎಂಬ ಒಂಟಿ ಹೆಂಗಸಿನ ಮನೆಗೆ ಹೋದಾಗ ಬಾಯಾರಿತ್ತು, ಬುದ್ಧಿ ಮಂಕಾಗಿತ್ತು. ಬಾಗಿಲು ತೆರೆದವರ ಹಣೆಯ ವಿಭೂತಿ ನೋಡಿ, ಆಫೀಸಿನಲ್ಲಿ ದಿನವೂ ಕೇಳುವ ರೂಢಿಗೆ, “ಶರಣ್ರೀ ಅಮ್ಮಾರ” ಎಂದುಬಿಟ್ಟಳು. ಶರಣಮ್ಮನ ಮುಖ ಅರಳಿತು. “ಶರಣು, ಬಾರವ್ವಾ ಒಳಗ,” ಎಂದರು. ಮುಂದೆ ಏನೂ ಕೇಳಲಿಲ್ಲ. ಹೆಸರಂತೂ ಎಲ್ಲ ಮಂದಿಯಲ್ಲೂ ಇರುವ ಹೆಸರು. ಬುದ್ಧನಿಗೆ ಪಾಯಸ ಕೊಟ್ಟವಳದೆಂದು ತೀರಿಹೋದ ಅಪ್ಪ ಎದೆಯುಬ್ಬಿಸಿ ಇಟ್ಟಿದ್ದು, ಅದು ಮಗಳಿಗೆ ಮರೆಯಾಗಿ ನಿಲ್ಲಲು ಒದಗೀತೆಂದು ಅವನೇನು ಕನಸು ಕಂಡಿದ್ದನೇ. ತಾನು ಸುಳ್ಳು ಹೇಳಿಲ್ಲ, ಅವರು ಕೇಳಿಲ್ಲ ಎಂದು ಅವಳು ಎಷ್ಟೋ ಸಲ ತನಗೇ ವಕಾಲತ್ತು ಮಾಡಿಕೊಂಡಿದ್ದಳು. ವಸೀಮ್‌ಗೆ ಈ ಸವಲತ್ತಿರಲಿಲ್ಲ. ಹೆಸರು ಹೇಳಿದೊಡನೆ ಬಾಗಿಲು ಹಾಕಿಕೊಂಡ ಮನೆಗಳ ಕಥೆಯನ್ನು ಅವನು ಊಟದ ಹೊತ್ತಿಗೆ ನಗೆಯಾಡಿಕೊಂಡು ಹೇಳುತ್ತಿದ್ದ, ಅವಳು ಅಯ್ಯೋ ಪಾಪ ಅನ್ನುತ್ತಿದ್ದಳು. ತನ್ನದನ್ನು ಅವನಿಗೂ ಹೇಳಿರಲಿಲ್ಲ.

ಹೊರಗಿನ ವಿಳಾಸವಿಲ್ಲದ ಯಂತ್ರಗಳೂ ಇರುತ್ತವೆ. ಕೆಲಸ ಕಲಿಯುವ ಹೊಸತರಲ್ಲಿ ಅದು ಅವಳಿಗೆ ಬಹಳ ಹಿಡಿಸಿತ್ತು. ಅವು ಎಲ್ಲರಿಗೂ ಸೇರಿದ ಒಂದು ಬಾಗಿಲಿನಿಂದ ಹೊರಗೆ ಹೋಗಿ ಬೇಕಾದ್ದು ತಂದುಕೊಳ್ಳುತ್ತವೆ. ಹೊರಗಿನವರು ಮಾತ್ರ ಅವನ್ನು ಹುಡುಕಿಕೊಂಡು ಬರಲಾರರು. ಎಷ್ಟು ಸುರಕ್ಷಿತ ಅನ್ನಿಸಿತ್ತು. ಮಾನ್ವಿಯಲ್ಲಿ ಕಾಲೇಜು ಓದುವಾಗಲೇ ಅವಳು ಹಾಗೆ ಬದುಕಲು ಕಲಿತಿದ್ದಳಲ್ಲ. ಗೆಳತಿ ವಿಜಯಶ್ರೀ ರಜೆಯಲ್ಲಿ ದೇವದುರ್ಗಕ್ಕೆ ಬರುತ್ತೇನೆಂದಾಗ, ಬಸ್‌ಸ್ಟ್ಯಾಂಡಿನಲ್ಲೇ ಕಾದು ನಿಂತು, ಮನೆಗೆ ಸುಣ್ಣ ಹಚ್ಚುತ್ತಿದ್ದಾರೆಂದು ಹೇಳಿ, ಖಾನಾವಳಿಯಲ್ಲಿ ಊಟ ಹಾಕಿಸಿ ಅದೇ ದಿನ ಬಸ್ಸು ಹತ್ತಿಸಿದ್ದಳು. ಬಸ್ಸು ಹೋದ ಮೇಲೆ ಮನೆಗೆ ಬಂದರೆ ಅವ್ವ ಹೋಳಿಗೆ ಮಾಡಿಕೊಂಡು, ಒಳ್ಳೆಯ ಸೀರೆ ಉಟ್ಟು ಹೊಸ್ತಿಲಲ್ಲಿ ಕೂತಿದ್ದಳು. “ಎಲ್ಲಿ ಬೇ ನಿನ್ನ ಗೆಳತಿ?” “ಬರಲಿಲ್ಲ.” ಅವ್ವ ಹೋಳಿಗೆಯನ್ನು ಓಣಿಗೆಲ್ಲ ಹಂಚಿದಳು. ಆವಾಗಿನಿಂದ ಸುಜಾತಾಳಿಗೆ ಹೋಳಿಗೆ ಎಂದರೆ ಅಷ್ಟಕ್ಕಷ್ಟೇ.

ಫೋನು ಮತ್ತೆ ನಡುಗಿತು. ಈ ಸಲ ಎತ್ತಿಕೊಂಡು ಜಿನುಗು ನಲ್ಲಿಯಿರುವ ಹಿಂದಿನ ವರಾಂಡಕ್ಕೆ ಹೋದಳು.

“ಜೈ ಭೀಮ್ ಕೂಸ. ರಾಯಚೂರಾಗ ಅದೀನಿ.”

“ಹಾಂ, ಹೇಳು. ಯಾಕ ಬಂದಿ?”

“ಕಣ್ಣು ತೋರಸಾಕ ಬಂದಿದ್ನಿ. ಲಗೂನ ಮುಗೀತು. ಆಟೋದಾಂವ ವಿಳಾಸ ಕೇಳಾಕತ್ತಾನ, ಹೇಳು.”

“ನೀ ಬಸ್‌ಸ್ಟ್ಯಾಂಡಾಗ ಕುಂದ್ರು ಬೇ, ನಾನೇ ಬರ್ತೀನಿ.”

ಆಚೆ ಕಡೆ ಬಸ್ಸುಗಳ ಸದ್ದು ಕೇಳುತ್ತಿತ್ತು. “ಬಂದಾಗೊಮ್ಮೆ ಬಸ್‌ಸ್ಟ್ಯಾಂಡಾಗ ಕುಂತು, ನಿನ್ನ ಮಾರಿ ನೋಡಿ ಹೋಗೀನಿ,” ಎಂದಳು ಅವ್ವ, ಬಸ್ಸಮ್ಮ. “ನನ್ನ ಮಗಳು ಮಲಗೋ ಜಾಗ ಹೆಂಗೈತಿ ಅಂತ ಓಣ್ಯಾಗ ಕೇಳಿದ್ರ ನಾ ಏನು ಹೇಳ್ಲಿ? ಈ ಸಲ ನೋಡೇ ಹೋಗಾಕಿ.”

ಬೇಡ ಎನ್ನಲು ಕಾರಣ ಹುಡುಕಿದಳು, ಸಿಗಲಿಲ್ಲ. ಆಗ ಇನ್ನೊಂದು ಹೊಳೆಯಿತು, ಹೊಳೆದದ್ದಕ್ಕೆ ಎದೆ ಹಗುರವಾಯಿತು, ಹಗುರವಾದದ್ದಕ್ಕೆ ನಾಚಿಕೆಯಾಯಿತು. ಪ್ರತಿ ವಾರ ಈ ದಿನ ಮಧ್ಯಾಹ್ನ ಶರಣಮ್ಮ ಅಕ್ಕನ ಬಳಗದ ಹೆಂಗಸರು ವಚನ ಹಾಡುವ ಕೂಟಕ್ಕೆ ಹೋಗುತ್ತಾರೆ, ಮನೆಗೆ ಬೀಗ. ಕಳ್ಳರೂ ಹೀಗೇ ಹೊತ್ತು ನೋಡುತ್ತಾರೆ. ಶಿವರಾಜನಿಗೆ ತಲೆನೋವೆಂದು ಹೇಳಿ ಹೊರಟಳು.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಕಲ್ಲುಬೆಂಚಿನ ತುದಿಯಲ್ಲಿ ಕೂತಿದ್ದಳು. ಹಸಿರು ಇಳಕಲ್ ಸೀರೆ, ಕೊರಳಲ್ಲಿ ನೀಲಿ ಮಣಿ, ತೊಡೆಯ ಮೇಲೆ ಬುತ್ತಿಯ ಚೀಲ. ಭತ್ತದ ನಾಟಿಯಲ್ಲಿ ಕೆಸರು ತುಂಬಿ ತುಂಬಿ ಅವಳ ಕಾಲ್ಬೆರಳ ಉಗುರುಗಳು ಕಪ್ಪಾಗಿದ್ದವು. ಮಗಳನ್ನು ಕಂಡು ಎದ್ದವಳು ಕೆನ್ನೆ ಹಿಂಡಿ, “ಸೊರಗಿ ಬೇ,” ಎಂದಳು. ಆಟೋದಲ್ಲಿ ದಾರಿಯುದ್ದಕ್ಕೂ ಡಾಕ್ಟರು ತೋರಿಸಿದ ಅಕ್ಷರಗಳ ಸುದ್ದಿ. “ಅಕ್ಷರ ಓದು ಅಂದ್ರು. ಓದಾಕ ಬರಂಗಿಲ್ರಿ, ನನ್ನ ಮಗಳು ಇಂಜಿನಿಯರ್ ಅದಾಳ ಅಂದ್ನಿ. ಹಂಗಾರ ಬೊಟ್ಟು ಎಷ್ಟು ಹೇಳು ಅಂದ್ರು.” ಆಟೋದವನು ನಕ್ಕ. ಸುಜಾತಾಳಿಗೂ ನಗು ಬಂತು, ಅದು ನಿಜವಾದ ನಗು. ಬಡಾವಣೆಯ ತಿರುವು ಬಂದೊಡನೆ ಅದು ನಿಂತಿತು.

ಗೇಟಿನ ಹತ್ತಿರ ಬಸ್ಸಮ್ಮ ರೂಢಿಯಂತೆ ಚಪ್ಪಲಿ ಬಿಟ್ಟಳು. ಸುಜಾತಾ ಬಗ್ಗಿ ಅವನ್ನು ಎತ್ತಿಕೊಂಡಳು. “ಚಪ್ಪಲಿ ಒಳಗ ಯಾಕ ಬೇ?” “ನಾಯಿ ಒಯ್ತಾವ.” ಅವ್ವ ಓಣಿಯ ಉದ್ದಕ್ಕೂ ನೋಡಿದಳು. ನಾಯಿ ಯಾವುದೂ ಇರಲಿಲ್ಲ. ಮಗಳು ಬಾಡಿಗೆಗಿದ್ದ ಮೇಲಿನ ಕೋಣೆಗೆ ಹೋದ ಮೇಲೆ ಮಾತ್ರ ಅವಳು ಎಲ್ಲ ಮರೆತು ಕೂಸಿನಂತಾದಳು. ಮಂಚದ ಮೇಲೆ ಕೈಯೂರಿ ನೋಡಿದಳು, ನಲ್ಲಿ ತಿರುವಿ ನೀರು ನೋಡಿದಳು, ಕಿಟಕಿಯಿಂದ ಕಾಣುವ ಬೇವಿನ ಮರ ನೋಡಿ ‘ಗಾಳಿ ಚಲೋ ಬರ್ತದ’ ಎಂದಳು. ಆಮೇಲೆ ಗೋಡೆ ನೋಡಿದಳು. ದೇವದುರ್ಗದ ಮನೆಯಲ್ಲಿ ಕಾಲಿಟ್ಟರೆ ಎದುರಿಗೇ ಬಾಬಾಸಾಹೇಬರ ಫೋಟೊ, ಪಕ್ಕದಲ್ಲಿ ಬುದ್ಧ. ಇಲ್ಲಿ ಶರಣಮ್ಮ ಕೊಟ್ಟ ಮಠದ ಕ್ಯಾಲೆಂಡರು ಒಂದೇ.

“ಗ್ವಾಡಿ ಖಾಲಿ ಅದ.”

“ಮೊಳಿ ಹೊಡೀಬ್ಯಾಡ ಅಂತ ಹೇಳ್ಯಾರ.”

ಅದು ನಿಜವೇ ಆಗಿತ್ತು. ನಿಜ ಹೇಳುವಾಗಲೂ ಸುಳ್ಳಿನಂತೆ ಕೇಳಿಸುವ ಮಟ್ಟಿಗೆ ಅವಳು ಬಂದು ಮುಟ್ಟಿದ್ದಳು. ಬಸ್ಸಮ್ಮ ‘ಹೌದೇನು’ ಎಂದು, ಬುತ್ತಿ ಬಿಚ್ಚಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ತೆಗೆದಿಟ್ಟಳು. ಮಗಳು ಉಣ್ಣುವುದನ್ನು ನೋಡುತ್ತ ಕೂತಳು. ಸುಜಾತಾ ಲಗುಬಗೆಯಿಂದ ಉಂಡಳು. ಕಿವಿಯೆಲ್ಲ ಗೇಟಿನ ಮೇಲಿತ್ತು. ಎರಡು ಸಲ ಹೊತ್ತು ನೋಡಿಕೊಂಡದ್ದನ್ನು ಅವ್ವ ಕಂಡಳು. “ನಡಿ, ಬಸ್ಸಿಗೆ ಹೊತ್ತಾತು,” ಎಂದು ತಾನೇ ಎದ್ದಳು. ಇನ್ನೂ ಸ್ವಲ್ಪ ಕೂರು ಎನ್ನಬೇಕಿತ್ತು. ಸುಜಾತಾ ಡಬ್ಬಿಯ ಮುಚ್ಚಳ ಹಾಕಿದಳು.

ಮೆಟ್ಟಿಲಿಳಿದು ಅಂಗಳಕ್ಕೆ ಬರುವುದಕ್ಕೂ ಶರಣಮ್ಮ ಗೇಟು ತೆಗೆಯುವುದಕ್ಕೂ ಸರಿಹೋಯಿತು. ಬಳಗದವರ ಮನೆಯಲ್ಲಿ ಯಾರೋ ತೀರಿಕೊಂಡು ಅವತ್ತು ಕೂಟವಿರಲಿಲ್ಲವಂತೆ. ಬಿಸಿಲಿಗೆ ಕೆಂಪಾದ ಮುಖ ಒರೆಸಿಕೊಳ್ಳುತ್ತ ಅವರು ಬಸ್ಸಮ್ಮನನ್ನು ನೋಡಿದರು, ಅವಳ ಕೈಯಲ್ಲಿದ್ದ ಚಪ್ಪಲಿ ನೋಡಿದರು. ನೋಟದಲ್ಲಿ ಕೆಡುಕೇನೂ ಇರಲಿಲ್ಲ. “ಯಾರವ್ವಾ ಇವರು?” ಎಂದು ಸುಜಾತಾಳನ್ನು ಕೇಳಿದರು.

ನಮ್ಮವ್ವ ಎಂದಿದ್ದರೆ ಏನಾಗುತ್ತಿತ್ತು? ಆಮೇಲೆ ಅವಳು ಅದನ್ನೇ ಮಥಿಸಿದಳು. ಬಹುಶಃ ಏನೂ ಆಗುತ್ತಿರಲಿಲ್ಲ. ಶರಣಮ್ಮ ಒಳಗೆ ಕರೆದು ಊರು, ಕೇರಿ, ಬಳಗ ಕೇಳುತ್ತಿದ್ದರು. ಅವ್ವ ಸುಳ್ಳು ಅರಿಯದವಳು, ಎಲ್ಲ ಹೇಳುತ್ತಿದ್ದಳು. ತಿಂಗಳು ಮುಗಿಯುವುದರೊಳಗೆ ಮನೆ ಬಿಡಬೇಕಾಗುತ್ತಿತ್ತು, ಅಥವಾ ಬಿಡಬೇಕಾಗುತ್ತಿರಲಿಲ್ಲ. ಬಿಟ್ಟರೆ ಪ್ರಾಣ ಹೋಗುತ್ತಿತ್ತೇ? ಆದರೆ ಆ ಗಳಿಗೆಯಲ್ಲಿ ಇದಾವುದೂ ಮನಸ್ಸಿನಲ್ಲಿ ಹಾಯಲಿಲ್ಲ. ಬಾಯಿ ತನ್ನ ಪಾಡಿಗೆ ತಾನು ಕೆಲಸ ಮಾಡಿತು.

“ನಮ್ಮ ಊರಾಕ್ರಿ,” ಎಂದಳು.

ಅವ್ವನ ಕಡೆ ನೋಡಲಿಲ್ಲ. ನೋಡದೆಯೂ ಗೊತ್ತಾಯಿತು, ಅವಳ ಕೈಯ ಚೀಲ ಒಂದು ಸಲ ಅಲುಗಿ ನಿಂತದ್ದು. ಆಮೇಲೆ ಬಸ್ಸಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆ ಹೊಲದ ದನಿಯನ್ನು ಎಲ್ಲಿ ಅಡಗಿಸಿದಳೋ, ಸಣ್ಣ ದನಿಯಲ್ಲಿ ಹೇಳಿದಳು: “ಹೌದ್ರಿ ಅಮ್ಮಾರ. ಇವರ ಹೊಲದಾಗ ಕೆಲಸ ಮಾಡಾಕಿ ನಾ. ಅಕ್ಕಾರಿಗೆ ಅವರವ್ವಾರು ಬುತ್ತಿ ಕೊಟ್ಟು ಕಳಿಸಿದ್ರು, ಕೊಟ್ಟು ಹೊಂಟೀನಿ.”

ಇವರ ಹೊಲ. ಅಂಗೈಯಗಲ ಹೊಲವಿಲ್ಲದವಳು ನಿಂತ ನಿಲುವಿನಲ್ಲೇ ಮಗಳಿಗೆ ಹೊಲ ಕೊಟ್ಟಳು, ಹೊಲಕ್ಕೆ ಒಡತಿಯಾದ ಇನ್ನೊಬ್ಬ ಅವ್ವನನ್ನೂ ಕೊಟ್ಟಳು. ಶರಣಮ್ಮನಿಗೆ ಕರುಣೆ ಬಂತು. “ಬಿಸಿಲಾಗ ಬಂದೀಯಲ್ಲ ಬೇ, ಕುಂದ್ರು, ಚಾ ಕುಡದು ಹೋಗು,” ಎಂದು ಒಳಗೆ ಹೋದರು. ಬಸ್ಸಮ್ಮ ಕಟ್ಟೆಯ ಮೇಲೆ ಕೂರದೆ ಕೆಳಗಿನ ಮೆಟ್ಟಿಲಿನ ಮೇಲೆ ಕೂತಳು. ಅಂಗಳದಲ್ಲಿ ಇಬ್ಬರೇ ಇದ್ದರು. ಸುಜಾತಾ ‘ಯವ್ವಾ’ ಎನ್ನಲು ಬಾಯಿ ತೆರೆದಳು. ಅವ್ವ ತುಟಿಗೆ ಬೆರಳಿಡಲಿಲ್ಲ, ಸುಮ್ಮನೆ ತಲೆ ಅಲ್ಲಾಡಿಸಿ ಒಳಬಾಗಿಲ ಕಡೆ ಕಣ್ಣು ಮಾಡಿದಳು. ಶರಣಮ್ಮ ಚಹಾ ತಂದರು. ಸುಜಾತಾಳಿಗೆ ಸ್ಟೀಲಿನ ಲೋಟ, ಬಸ್ಸಮ್ಮನಿಗೆ ಕೂಟಕ್ಕೆಂದು ತಂದು ಉಳಿದ ಪೇಪರ್ ಲೋಟ. ಗ್ಯಾಸ್ ತರುವವನಿಗೂ ಅವರು ಪೇಪರ್ ಲೋಟದಲ್ಲೇ ಕೊಡುತ್ತಾರೆ, ಅದರಲ್ಲೇನಿದೆ ಎಂದು ಸುಜಾತಾ ಅಂದುಕೊಂಡಳು. ಅಂದುಕೊಳ್ಳುತ್ತಲೇ ಸ್ಟೀಲಿನ ಲೋಟದ ಚಹಾ ಪೂರ್ತಿ ಕುಡಿದಳು. ಬಸ್ಸಮ್ಮ ತನ್ನ ಲೋಟವನ್ನು ಮಡಚಿ ಚೀಲದೊಳಗೆ ಹಾಕಿಕೊಂಡು, “ಬರ್ತೀನ್ರಿ ಅಮ್ಮಾರ,” ಎಂದಳು. ಮಗಳ ಕಡೆ ತಿರುಗಿ, “ಬರ್ತೀನ್ರಿ ಅಕ್ಕಾರ. ಮೈ ಕಡೆ ಲಕ್ಷ್ಯ ಇರಲ್ರಿ,” ಎಂದಳು.

ಸುಜಾತಾ ಬಸ್‌ಸ್ಟ್ಯಾಂಡಿನವರೆಗೆ ಬರುತ್ತೇನೆಂದರೆ ಅವ್ವ ಬೇಡವೆಂದಳು. ಆದರೂ ಮಗಳು ತಿರುವಿನ ತನಕ ಹಿಂದೆ ಹಿಂದೆ ಹೋದಳು. ಅಲ್ಲಿ ಆಟೋ ಹತ್ತುವಾಗ ಸುಜಾತಾ ಅವ್ವನ ಮೊಣಕೈ ಹಿಡಿದು, “ತಪ್ಪಾತು ಬೇ,” ಎಂದಳು. ಬಸ್ಸಮ್ಮ ಆಟೋದವನನ್ನು ನೋಡಿ, ಮಗಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು. “ಯಾರಾರ ನೋಡ್ತಾರ್ರಿ, ಹೋಗ್ರಿ,” ಎಂದಳು. ಸಿಟ್ಟಿನಿಂದ ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗಳನ್ನು ಪರೀಕ್ಷೆಗೆ ಕಳಿಸುವಾಗ ಎಷ್ಟು ಜಾಗ್ರತೆಯಿತ್ತೋ ಅಷ್ಟೇ ಜಾಗ್ರತೆಯಿಂದ ಅಂದಳು. ಆಟೋ ಹೋಯಿತು. ಸುಜಾತಾ ಅಲ್ಲೇ ನಿಂತು, ದಾರಿಯಲ್ಲಿ ಹೋಗುವವರಿಗೆ ಕಾಣಬಾರದೆಂದು ಫೋನು ನೋಡುವವಳಂತೆ ತಲೆ ತಗ್ಗಿಸಿ ಅತ್ತಳು.

ದೀಪ ಹಚ್ಚುವ ಹೊತ್ತಿಗೆ ಶರಣಮ್ಮ ಕೆಳಗೆ ಊಟಕ್ಕೆ ಕರೆದರು. ಆಗಾಗ ಕರೆಯುತ್ತಿದ್ದರು, ಒಬ್ಬಳೇ ಉಣ್ಣುವುದೇನೆಂದು. ಬುತ್ತಿಯ ಡಬ್ಬಿಯನ್ನೂ ತಾ ಎಂದರು. ಪುಂಡಿಪಲ್ಯ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು, ಇನ್ನಷ್ಟು ಹಾಕಿಸಿಕೊಂಡರು. “ನಿಮ್ಮವ್ವನ ಕೈ ಭಾಳ ಚಲೋ ಅದವ್ವಾ,” ಎಂದರು. “ಬರೇ ಆಳಿನ ಕೈಯಾಗ ಕೊಟ್ಟು ಕಳಸ್ತಾರ. ಒಮ್ಮಿ ಕರಕೊಂಡು ಬಾ ಅವರನ್ನ. ಹಿಂತಾ ಮಗಳನ್ನ ಹಡದಾಕಿನ್ನ ನಾನೂ ನೋಡಬೇಕು.” ಸುಜಾತಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೂಂ ಎಂದಳು.

ಮಾಳಿಗೆಗೆ ಹೋಗಿ ಕತ್ತಲಲ್ಲಿ ನಿಂತಳು. ಕೆಳಗೆ ಶರಣಮ್ಮ ಬಾಗಿಲು ಹಾಕಿ ಟಿವಿ ಹಚ್ಚಿದ್ದು ಕೇಳಿಸಿತು. ಹೇಳಬೇಕು, ನಾಳೆಯೇ ಹೇಳಬೇಕು, ಮನೆ ಹೋದರೆ ಹೋಗಲಿ. ಮೊದಲು ಅವ್ವನಿಗೆ ಫೋನು ಮಾಡಬೇಕು, ಬೈಯಿ ಬೇ ಎನ್ನಬೇಕು, ಬಾಯಿಗೆ ಬಂದದ್ದೆಲ್ಲ ಬೈಯಿ. ಹೆಸರಿನ ಮೇಲೆ ಬೆರಳಿಡುವಷ್ಟರಲ್ಲಿ ಫೋನು ತಾನೇ ಬೆಳಗಿತು. ಈ ಸಲ ಬೋರಲು ಹಾಕಲಿಲ್ಲ, ಕಿವಿಗೆ ಒತ್ತಿ ಹಿಡಿದಳು.

ಜೈ ಭೀಮ್ ಇಲ್ಲ, ಕೂಸ ಇಲ್ಲ. “ಮುಟ್ಟೀನ್ರಿ,” ಎಂದಿತು ಆ ಸಣ್ಣ ದನಿ. ಹಿನ್ನೆಲೆಯಲ್ಲಿ ಓಣಿಯ ಹೆಂಗಸರು ಏನೋ ಕೇಳುತ್ತಿದ್ದರು, ಮನಿ ಹೆಂಗೈತಿ, ದೊಡ್ಡದೈತೇನು ಎಂದು. “ನಿಮ್ಮ ಮಗ್ಗಲಾಗ ಯಾರಾರ ಅದಾರೇನ್ರಿ?” ಎಂದು ಅವ್ವ ಕೇಳಿದಳು.

ಸುಜಾತಾ ಸುತ್ತ ನೋಡಿದಳು. ಮಾಳಿಗೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಇಲ್ಲ ಎಂದರೆ ಸಾಕು, ಅವ್ವ ಆ ಕ್ಷಣವೇ ಕೂಸ ಎನ್ನುತ್ತಾಳೆ, ಉಂಡೇನು ಎಂದು ಕೇಳುತ್ತಾಳೆ, ಇವತ್ತು ಏನೂ ನಡೆದೇ ಇಲ್ಲ ಎಂಬಂತೆ ಕೇಳುತ್ತಾಳೆ. ಅದನ್ನು ಕೇಳಿಸಿಕೊಳ್ಳುವ ಕಿವಿ ತನಗಿಲ್ಲವೆಂದು ಅವಳಿಗೆ ತಿಳಿಯಿತು.

“ಅದಾರ,” ಎಂದಳು.

“ಹಂಗಾರ ಇಡ್ತೀನ್ರಿ,” ಎಂದಳು ಅವ್ವ.